ಮನೆಗೆ ಬಂದ ನಾಟಕ



ನಾಟಕವನ್ನು ನೋಡಲು ಮನೆಯನ್ನು ಬಿಟ್ಟು ಹೋಗುವುದು ನಮ್ಮ ವಾಡಿಕೆ. ಅಡಿಗೆಯನ್ನು ಬೇಗನೆ ಮುಗಿಸಿ, ಮಕ್ಕಳಿಗೆ ಉಣಬಡಿಸಿ, ಬಾಗಿಲಿಗೆ ಬೀಗವನ್ನಿಕ್ಕಿ ಹೊರಡುತ್ತೇವೆ. ಅಪರಿಚಿತರಾದ ನೂರಾರು ಜನರ ನಡುವೆ ಕುಳಿತು ಪರದೆಯೇಳುವುದನ್ನು ಕಾಯುತ್ತೇವೆ. ಆಟವು ಮುಗಿದ ಮೇಲೆ ಚಪ್ಪಾಳೆ ತಟ್ಟಿ ಎದ್ದುಬಿಡುತ್ತೇವೆ. ಮನೆಯನ್ನು ಸೇರುವ ಹೊತ್ತಿಗೆ ಅರ್ಧ ದುಃಖವು ದಾರಿಯಲ್ಲಿಯೇ ಉದುರಿಹೋಗಿರುತ್ತದೆ. ಆದರೆ ನಾಟಕವೇ ನಮ್ಮ ಮನೆಯನ್ನು ಹುಡುಕಿಕೊಂಡು ಬಂದರೆ ಏನಾಗುವುದು? ಅದೂ ಒಂದು ಮನೆಯು ಮುರಿದುಬಿದ್ದ ಕಥೆಯನ್ನೇ ಹೇಳುವ ನಾಟಕವಾದರೆ? ಈ ತಿಂಗಳು ನಿಮ್ಮೊಡನೆ ಆಡಬೇಕೆಂದಿರುವುದು ಈ ಮಾತನ್ನೇ.

ಕಳೆದ ತಿಂಗಳಿನ ಒಂದು ಭಾನುವಾರ ನಮ್ಮ ಮಗನು 'ಡೆತ್ ಆಫ್ ಎ ಸೇಲ್ಸ್‌ಮನ್' ಎಂಬ ಅಮೆರಿಕಾದ ಚಿತ್ರದ ಮುದ್ರಿಕೆಯೊಂದನ್ನು ತಂದು, ಮನೆಮಂದಿಯೆಲ್ಲರನ್ನೂ ಕೂಡಿಸಿ ತೋರಿಸಿದನು. ಊರೂರು ತಿರುಗಿ ಸರಕನ್ನು ಮಾರುವವನೊಬ್ಬನ ಮರಣವೆಂಬುದು ಆ ಹೆಸರಿನ ಅರ್ಥ. ಇದು ಚಿತ್ರಮಂದಿರಕ್ಕಾಗಿ ತೆಗೆದ ಚಿತ್ರವಲ್ಲ, ದೂರದರ್ಶನಕ್ಕಾಗಿಯೇ ತೆಗೆದುದು. 1985ನೆಯ ಇಸವಿ ಸೆಪ್ಟೆಂಬರ್ 15ರಂದು ಅಮೆರಿಕಾದ ಸಿ.ಬಿ.ಎಸ್. ಸಂಸ್ಥೆಯವರು ಇದನ್ನು ಪ್ರಥಮವಾಗಿ ಪ್ರಸಾರಮಾಡಿದರು. ಜರ್ಮನಿಯವರಾದ ಫೋಲ್ಕರ್ ಶ್ಲೋಂಡಾರ್ಫ್ ಎಂಬವರು ಇದರ ನಿರ್ದೇಶಕರು. ಡಸ್ಟಿನ್ ಹಾಫ್‌ಮನ್ ಎಂಬ ಪ್ರಸಿದ್ಧ ನಟರು ತಂದೆಯ ಪಾತ್ರವನ್ನೂ, ಕೇಟ್ ರೀಡ್ ಎಂಬಾಕೆ ತಾಯಿಯ ಪಾತ್ರವನ್ನೂ, ಜಾನ್ ಮಾಲ್ಕೊವಿಚ್ ಮತ್ತು ಸ್ಟೀಫನ್ ಲ್ಯಾಂಗ್ ಎಂಬವರು ಇಬ್ಬರು ಗಂಡುಮಕ್ಕಳ ಪಾತ್ರಗಳನ್ನೂ ವಹಿಸಿರುವರು. ಇದೇ ನಾಲ್ವರು ಹಿಂದಿನ ವರ್ಷವಾದ 1984ರಲ್ಲಿ ನ್ಯೂಯಾರ್ಕ್ ನಗರದ ಬ್ರಾಡ್‌ಹರ್ಸ್ಟ್ ರಂಗಮಂದಿರದಲ್ಲಿ ಇದೇ ನಾಟಕವನ್ನು ಆಡಿದ್ದರು. ಹೀಗಾಗಿ ಅವರಲ್ಲಿ ಒಂದೇ ಮನೆಯಲ್ಲಿ ಬಹುಕಾಲ ಬಾಳಿದವರ ಸಲಿಗೆಯೂ ಬೇಸರವೂ ಸಹಜವಾಗಿ ಕಾಣಬರುತ್ತವೆ. ಹಾಫ್‌ಮನ್ನರಿಗೂ ಮಾಲ್ಕೊವಿಚ್ಚರಿಗೂ ಈ ಅಭಿನಯಕ್ಕಾಗಿ ದೂರದರ್ಶನದ ದೊಡ್ಡ ಪುರಸ್ಕಾರವಾದ ಎಮ್ಮಿ ಪ್ರಶಸ್ತಿಯು ದೊರೆಯಿತು.

ಮೂಲ ನಾಟಕವನ್ನು ಬರೆದವರು ಆರ್ಥರ್ ಮಿಲ್ಲರ್ ಮಹಾಶಯರು. ಅವರು 1915ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದರು. ತಂದೆಯು ಹೆಂಗಸರ ಕೋಟುಗಳನ್ನು ತಯಾರಿಸಿ ಮಾರುತ್ತಿದ್ದ ಅನುಕೂಲಸ್ಥನು. 1929ರಿಂದೀಚೆಗೆ ಆ ದೇಶವನ್ನು ಹಿಡಿದ ಮಹಾಮುಗ್ಗಟ್ಟಿನಲ್ಲಿ ಆತನ ವ್ಯಾಪಾರವು ನಾಶವಾಯಿತು. ದೊಡ್ಡ ಮನೆಯಿಂದ ಬ್ರೂಕ್ಲಿನ್ ಭಾಗದ ಸಣ್ಣ ಮನೆಗೆ ಇಳಿದುಬಂದ ಸಂಸಾರವು ಹೇಗಿರುವುದೆಂಬುದನ್ನು ಮಿಲ್ಲರರು ಎಳೆಯ ವಯಸ್ಸಿನಲ್ಲಿಯೇ ಕಂಡುಂಡವರು. 1948ರಲ್ಲಿ ಅವರು ಕನೆಕ್ಟಿಕಟ್ ಪ್ರಾಂತದ ರಾಕ್ಸ್‌ಬರಿ ಎಂಬಲ್ಲಿ ತಮ್ಮ ಕೈಯಿಂದಲೇ ಒಂದು ಸಣ್ಣ ಗುಡಿಸಲನ್ನು ಕಟ್ಟಿಕೊಂಡು, ಅದರಲ್ಲಿ ಕುಳಿತು ಈ ನಾಟಕದ ಮೊದಲನೆಯ ಅಂಕವನ್ನು ಒಂದು ಹಗಲು ಒಂದು ಇರುಳಿನಲ್ಲಿ ಬರೆದರೆಂದು ಹೇಳಿಕೊಂಡಿದ್ದಾರೆ. ಉಳಿದ ಭಾಗಕ್ಕೆ ಸುಮಾರು ಆರು ವಾರಗಳು ಹಿಡಿದುವು. 1949ರ ಫೆಬ್ರವರಿ 10ರಂದು ನಾಟಕವು ನ್ಯೂಯಾರ್ಕಿನಲ್ಲಿ ರಂಗವನ್ನೇರಿ 742 ಪ್ರಯೋಗಗಳನ್ನು ಕಂಡಿತು. ಪುಲಿಟ್ಜರ್ ಪುರಸ್ಕಾರವನ್ನೂ ಪಡೆಯಿತು. ಕಾಲದ ಆಟವನ್ನು ನೋಡಿ: ಮಿಲ್ಲರರು ಕಣ್ಮುಚ್ಚಿದುದು 2005ನೆಯ ಇಸವಿಯ ಅದೇ ಫೆಬ್ರವರಿ 10ರಂದು.

ಈ ನಾಟಕದ ಬೀಜವು ಬಿದ್ದ ಬಗೆಯನ್ನು ಅವರು 1987ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ತಿಳಿಸಿರುವರು. ಅವರಿಗೆ ಹತ್ತಿರದ ಬಂಧುವಾದ ಹಿರಿಯನೊಬ್ಬನಿದ್ದನು; ಊರೂರು ತಿರುಗಿ ಸರಕನ್ನು ಮಾರುವುದೇ ಆತನ ವೃತ್ತಿ. ಮಿಲ್ಲರರ ಹಿಂದಿನ ನಾಟಕವು ಬಾಸ್ಟನ್ ನಗರದಲ್ಲಿ ನಡೆಯುತ್ತಿದ್ದಾಗ ಆತನು ಅದನ್ನು ನೋಡಿ ಹೊರಗೆ ಬಂದನು. ಕಣ್ಣುಗಳಲ್ಲಿ ನೀರಿತ್ತು. ಎದುರಿಗೆ ನಿಂತಿದ್ದ ಮಿಲ್ಲರರನ್ನು ಕಂಡು ಆತನು ಕ್ಷೇಮವನ್ನೂ ವಿಚಾರಿಸಲಿಲ್ಲ, ನಾಟಕವು ಚೆನ್ನಾಗಿದೆಯೆಂದೂ ಹೇಳಲಿಲ್ಲ. ತನ್ನ ಮಗನಿಗೆ ಬಹಳ ಚೆನ್ನಾಗಿ ನಡೆಯುತ್ತಿದೆಯೆಂದಷ್ಟೇ ಹೇಳಿದನು! ಪರರ ಮಗನು ಗೆದ್ದುದನ್ನು ಕಂಡೊಡನೆಯೇ ತನ್ನ ಮಗನನ್ನು ಆ ತಕ್ಕಡಿಯಲ್ಲಿಟ್ಟು ತೂಗಿದ ತಂದೆಯ ಹೃದಯವದು. ಅದನ್ನು ಕಂಡು ನಗಬೇಕೆ, ಅಳಬೇಕೆ? ಮದುವೆಮನೆಯ ಚಪ್ಪರದಲ್ಲಿ ಇಂತಹ ತಂದೆತಾಯಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ನಿಜವನ್ನು ಹೇಳುವುದಾದರೆ, ನಾವೇ ಅವರಾಗಿರುವುದೂ ಉಂಟು.

ಕಥೆಯನ್ನು ಸಂಗ್ರಹವಾಗಿ ಹೇಳುವೆನು. ವಿಲಿ ಲೋಮನ್ ಎಂಬಾತನಿಗೆ 63 ವರ್ಷ. ಬ್ರೂಕ್ಲಿನ್ನಿನಲ್ಲಿ ಆತನದೊಂದು ಸಣ್ಣ ಮನೆ. ಕೊಂಡಾಗ ಸುತ್ತಲೂ ಮರಗಳಿದ್ದುವು. ಈಗ ನಾಲ್ಕು ಕಡೆಯಲ್ಲಿಯೂ ಎತ್ತರವಾದ ಕಟ್ಟಡಗಳೆದ್ದು, ಹಿತ್ತಲಿನಲ್ಲಿ ಒಂದು ಸೊಪ್ಪಿನ ಗಿಡವೂ ಬೆಳೆಯದಂತೆ ಬಿಸಿಲನ್ನು ತಡೆದಿವೆ. ಮೂವತ್ತಕ್ಕೂ ಮೇಲ್ಪಟ್ಟು ವರ್ಷಗಳಿಂದ ಆತನು ಒಂದೇ ವ್ಯಾಪಾರ ಸಂಸ್ಥೆಗಾಗಿ ಭಾರವಾದ ಎರಡು ಪೆಟ್ಟಿಗೆಗಳನ್ನು ಹೊತ್ತು ತಿರುಗಿದವನು. ಪೆಟ್ಟಿಗೆಯಲ್ಲಿ ಏನಿತ್ತೆಂಬುದನ್ನು ಮಿಲ್ಲರರು ನಾಟಕದಲ್ಲಿ ಎಲ್ಲಿಯೂ ಹೇಳುವುದಿಲ್ಲ. ಈಗ ಸಂಸ್ಥೆಯವರು ಸಂಬಳವನ್ನು ನಿಲ್ಲಿಸಿ, ಮಾರಿದಷ್ಟಕ್ಕೆ ಮಾತ್ರ ಕಮಿಷನ್ ಕೊಡುತ್ತಿದ್ದಾರೆ. ಕಾರನ್ನು ನಡೆಸುತ್ತಿರುವಾಗಲೇ ಆತನ ಮನಸ್ಸು ಗತಕಾಲಕ್ಕೆ ಹೊರಟುಹೋಗುವುದು. ಹಿರಿಯ ಮಗನಾದ ಬಿಫ್ ಶಾಲೆಯಲ್ಲಿ ಕಾಲ್ಚೆಂಡಿನ ವೀರನಾಗಿದ್ದವನು. ಗಣಿತದಲ್ಲಿ ಅನುತ್ತೀರ್ಣನಾಗಿ, ತಂದೆಯ ಬಾಳಿನ ಒಂದು ಅಸಹ್ಯವಾದ ಗುಟ್ಟನ್ನು ಬಾಸ್ಟನ್ನಿನ ಹೋಟೆಲೊಂದರಲ್ಲಿ ಕಣ್ಣಾರೆ ಕಂಡು, ಅಲ್ಲಿಂದ ಮುಂದೆ ಎಲ್ಲಿಯೂ ನೆಲೆನಿಲ್ಲದೆ 34 ವರ್ಷದವನಾಗಿ ಮನೆಗೆ ಮರಳಿದ್ದಾನೆ. ಕಿರಿಯನಾದ ಹ್ಯಾಪಿಯು ಹೆಸರಿಗೆ ಸಂತೋಷನು, ನಡೆಯಲ್ಲಿ ಪೊಳ್ಳು. ಇವರೆಲ್ಲರನ್ನೂ ಒಂದು ಸೂರಿನಡಿಯಲ್ಲಿ ಹಿಡಿದಿಟ್ಟವಳು ಲಿಂಡಾ ಎಂಬ ಗೃಹಿಣಿ.

ಸೋದರಿಯರೇ, ವಿಮರ್ಶಕರು ಈ ನಾಟಕವನ್ನು ಕುರಿತು ಬರೆಯುವಾಗ ವಿಲಿಯನ್ನೇ ಮುಂದಿಡುವರು. ಅಮೆರಿಕಾದ ಹಣದ ಆಸೆ, ಗೆಲವಿನ ಭ್ರಮೆ, ಸಾಮಾನ್ಯನ ದುರಂತ ಮೊದಲಾದ ದೊಡ್ಡ ಮಾತುಗಳೆಲ್ಲವೂ ಅಲ್ಲಿ ಉಚಿತವೇ ಸರಿ. ನನ್ನ ಕಣ್ಣು ಮಾತ್ರ ಲಿಂಡಾಳನ್ನೇ ಹಿಂಬಾಲಿಸುತ್ತಿದ್ದಿತು. ಏಕೆಂದರೆ ಅವಳು ಮಾಡುವ ಕೆಲಸವು ನನಗೆ ಗುರುತಿನದು. ಹಳೆಯ ನೆನಪೊಂದರಲ್ಲಿ ಗಂಡನು ಊರಿನಿಂದ ಬಂದು, ಪ್ರಾವಿಡೆನ್ಸಿನಲ್ಲಿ ಐನೂರು ಗ್ರೋಸು, ಬಾಸ್ಟನ್ನಿನಲ್ಲಿ ಏಳುನೂರು ಗ್ರೋಸು ಸರಕನ್ನು ಮಾರಿದೆನೆಂದು ಜಂಬದಿಂದ ಹೇಳುತ್ತಾನೆ. ಅವಳು ಕೂಡಲೆ ಸೀಸದಕಡ್ಡಿಯನ್ನು ಹಿಡಿದು, ಕಮಿಷನ್ 212 ಡಾಲರಾಯಿತೆಂದು ಹಿಗ್ಗುತ್ತಾಳೆ. ಆತನು ತಡವರಿಸಿ ಲೆಕ್ಕವನ್ನು ಇಳಿಸುತ್ತಾ ಬರುತ್ತಾನೆ. ಕೊನೆಗೆ ಪ್ರಯಾಣವಿಡೀ ಸೇರಿ ಇನ್ನೂರು ಗ್ರೋಸೆಂದು ಒಪ್ಪಿಕೊಳ್ಳುತ್ತಾನೆ. ಬಂದುದು ಎಪ್ಪತ್ತು ಡಾಲರು, ಮೇಲೆ ಚಿಲ್ಲರೆ. ಅವಳ ಮುಖವು ಬಾಡುವುದಿಲ್ಲ. ಅದೂ ಬಹಳ ಒಳ್ಳೆಯದೇ ಎನ್ನುತ್ತಾಳೆ. ಆಮೇಲೆ ಮೆಲ್ಲಗೆ, ಶೀತಲ ಪೆಟ್ಟಿಗೆಯ ಕಂತು, ಬಟ್ಟೆ ಒಗೆಯುವ ಯಂತ್ರದ ಕಂತು, ಕಾರಿನ ರಿಪೇರಿ, ಹೀಗೆ ಒಂದೊಂದಾಗಿ ಎಣಿಸುತ್ತಾಳೆ. ತಿಂಗಳ ಹದಿನೈದರೊಳಗೆ ನೂರಿಪ್ಪತ್ತು ಡಾಲರು ಬೇಕಾಗಿದೆ.

ಲೆಕ್ಕವನ್ನೂ ಮರೆಯಬಾರದು, ಗಂಡನ ಮನಸ್ಸನ್ನೂ ನೋಯಿಸಬಾರದು: ಈ ಎರಡರ ನಡುವೆ ನಡೆಯುವುದು ದೊಂಬರವರ ಹುಡುಗಿಯು ಹಗ್ಗದ ಮೇಲೆ ನಡೆಯುವುದಕ್ಕಿಂತಲೂ ಕಷ್ಟ. ಕೇಟ್ ರೀಡ್ ಆ ನಡೆಯನ್ನು ಎಲ್ಲಿಯೂ ತಪ್ಪದೆ ನಡೆದಿದ್ದಾರೆ. ರಂಗಸ್ಥಳದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಇಂತಹ ಸೂಕ್ಷ್ಮವು ಕಾಣುವುದು ಕಷ್ಟ. ದೂರದರ್ಶನದ ಚಿತ್ರದಲ್ಲಾದರೋ ಛಾಯಾಗ್ರಾಹಕನು ಮುಖದ ಬಳಿಗೇ ಬರುತ್ತಾನೆ. ಮಾತು ಒಂದನ್ನು ಹೇಳುತ್ತಿರುವಾಗ ಕಣ್ಣು ಇನ್ನೊಂದನ್ನು ಬಚ್ಚಿಡುತ್ತಿರುವುದನ್ನು ಪಕ್ಕದಲ್ಲಿ ಕುಳಿತವರಂತೆ ನಾವು ನೋಡುತ್ತೇವೆ.

ಆದರೆ ಶ್ಲೋಂಡಾರ್ಫರು ನಾಟಕವನ್ನು ಪೂರ್ತಿಯಾಗಿ ಚಲಚ್ಚಿತ್ರವನ್ನಾಗಿ ಮಾಡಿಬಿಡಲಿಲ್ಲ. ಇದು ಗಮನಿಸತಕ್ಕ ವಿಷಯ. 1949ರ ಮೊದಲ ಪ್ರಯೋಗದಲ್ಲಿ ಜೋ ಮೀಲ್‌ಜಿನರ್ ಎಂಬ ರಂಗಶಿಲ್ಪಿಯು ಮನೆಯ ಹಂದರವನ್ನು ಮಾತ್ರ ನಿಲ್ಲಿಸಿದ್ದನು. ನಡೆಯುವ ಕಾಲದಲ್ಲಿ ಪಾತ್ರಗಳು ಬಾಗಿಲಿನಿಂದಲೇ ಓಡಾಡುವುವು. ವಿಲಿಯ ನೆನಪು ಹಿಂದಕ್ಕೆ ಸರಿದೊಡನೆ ಗೋಡೆಯೇ ಇಲ್ಲವೆಂಬಂತೆ ಅದನ್ನು ದಾಟಿ ಬರುವುವು. ಮಿಲ್ಲರರು ಮೊದಲು ಈ ನಾಟಕಕ್ಕೆ ಆತನ ತಲೆಯ ಒಳಭಾಗವೆಂಬ ಅರ್ಥದ ಹೆಸರನ್ನು ಯೋಚಿಸಿದ್ದರಂತೆ. ಚಿತ್ರದಲ್ಲಿಯೂ ಮನೆಯು ನಿಜವಾದ ಮನೆಯಂತೆ ಸಂಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ಇದು ಕಟ್ಟಿದ ರಂಗಸಜ್ಜೆಯೆಂಬುದನ್ನು ನಿರ್ದೇಶಕರು ಮರೆಮಾಡುವುದಿಲ್ಲ. ಇದರಿಂದ ಗತಕಾಲವು ವರ್ತಮಾನದೊಳಕ್ಕೆ ಹೇಳದೆ ಕೇಳದೆ ನುಗ್ಗಿಬರುವುದು ಸುಲಭವಾಗಿದೆ. ಅಡಿಗೆಮನೆಯಲ್ಲಿ ಪಕ್ಕದ ಮನೆಯವನೊಡನೆ ಇಸ್ಪೀಟು ಆಡುತ್ತಿರುವಾಗಲೇ, ಆಫ್ರಿಕಾದಲ್ಲಿ ವಜ್ರಗಳನ್ನು ಗಳಿಸಿ ಶ್ರೀಮಂತನಾದ ಸತ್ತ ಅಣ್ಣನು ಬಂದು ನಿಲ್ಲುತ್ತಾನೆ. ವಿಲಿಯು ಇಬ್ಬರಿಗೂ ಒಟ್ಟಿಗೆ ಉತ್ತರಕೊಡುತ್ತಾನೆ. ಮುಪ್ಪಿನ ಮನಸ್ಸು ನಡೆಯುವ ರೀತಿಯೇ ಹಾಗಲ್ಲವೆ?

ಈ ನಾಟಕವು ತೆರೆಗೆ ಬಂದುದು ಇದೇ ಮೊದಲಲ್ಲ. 1951ರಲ್ಲಿಯೇ ಫ್ರೆಡ್ರಿಕ್ ಮಾರ್ಚ್ ಎಂಬ ಹಿರಿಯ ನಟರು ನಟಿಸಿದ ಚಲಚ್ಚಿತ್ರವಾಗಿದ್ದಿತು. ಅದರಲ್ಲಿ ವಿಲಿಯು ಬರಿಯ ಹುಚ್ಚನಂತೆ ಕಾಣುತ್ತಾನೆಂದು ಮಿಲ್ಲರರಿಗೆ ಅಸಮಾಧಾನವಾಗಿತ್ತು. ಹುಚ್ಚನಾದರೆ ನಮಗೇನು ಭಯ? ಅವನ ಪಾಡು ಅವನದೆಂದು ಎದ್ದುಹೋಗಬಹುದು. ಆ ಚಿತ್ರವನ್ನು ತೆಗೆದ ಸಂಸ್ಥೆಯವರು ವ್ಯಾಪಾರಸ್ಥರು ಮುನಿದಾರೆಂದು ಹೆದರಿ, ಸರಕು ಮಾರುವವನ ವೃತ್ತಿಯು ಬಹು ಸುಖಕರವಾದುದೆಂದು ಸಾರುವ ಒಂದು ಕಿರುಚಿತ್ರವನ್ನೂ ತೆಗೆಯಿಸಿ, ಮೂಲಚಿತ್ರದ ಜೊತೆಗೆ ತೋರಿಸಲು ಹೊರಟಿದ್ದರು. ಮಿಲ್ಲರರು ಪ್ರತಿಭಟಿಸಿ ಅದನ್ನು ತಡೆದರು. ತರುವಾಯ 1966ರಲ್ಲಿ ಸಿ.ಬಿ.ಎಸ್. ಸಂಸ್ಥೆಯವರೇ ನಾಟಕವನ್ನು ಸಂಕ್ಷೇಪಿಸಿ ದೂರದರ್ಶನದಲ್ಲಿ ತೋರಿಸಿದರು. ಆಗ ವಿಲಿಯಾದವರು, 1949ರಲ್ಲಿ ಆ ಪಾತ್ರವನ್ನು ಮೊಟ್ಟಮೊದಲು ಧರಿಸಿದ್ದ ಲೀ ಜೆ. ಕಾಬ್. ಅದೇ ವರ್ಷ ಕಾಬರೊಡನೆ ನಾಟಕದ ಧ್ವನಿಮುದ್ರಿಕೆಯೊಂದು ತಯಾರಾಯಿತು. ಅದರಲ್ಲಿ ನೆರೆಮನೆಯ ಹುಡುಗನಾದ ಬರ್ನಾರ್ಡನ ಮಾತುಗಳನ್ನಾಡಿದ ತರುಣನು ಯಾರೆಂದುಕೊಂಡಿರಿ? ಇದೇ ಡಸ್ಟಿನ್ ಹಾಫ್‌ಮನ್!

ಕಾಬ್ ಭಾರಿಯಾದ ಆಳು. ಮಿಲ್ಲರರು ಮೊದಲು ವಿಲಿಯನ್ನು ಕುಳ್ಳನೆಂದು ಕಲ್ಪಿಸಿ, ಯಾರೋ ಆತನನ್ನು ಸೀಗಡಿಯೆಂದು ಹಾಸ್ಯಮಾಡಿದಂತೆ ಬರೆದಿದ್ದರು. ಕಾಬರ ಮೈಕಟ್ಟಿಗೆ ಅದು ಹೊಂದದೆ, ದೊಡ್ಡ ಕೋರೆಗಳುಳ್ಳ ವಾಲ್ರಸ್ ಎಂಬ ಕಡಲ ಪ್ರಾಣಿಯ ಹೆಸರನ್ನು ಅಲ್ಲಿ ಸೇರಿಸಬೇಕಾಯಿತು. ಹಾಫ್‌ಮನ್ನರಿಂದ ಸೀಗಡಿಯು ಮತ್ತೆ ತನ್ನ ಸ್ಥಾನಕ್ಕೆ ಬಂದಿತು. ನಾಲ್ವತ್ತೇಳು ವರ್ಷದ ಈ ಸಣ್ಣ ಮೈಕಟ್ಟಿನ ನಟರು ತಲೆಗೂದಲನ್ನು ವಿರಳವಾಗಿಸಿಕೊಂಡು, ದನಿಯನ್ನು ಒರಟುಮಾಡಿಕೊಂಡು, ಅರವತ್ತಮೂರರ ಮುದುಕನಾಗಿದ್ದಾರೆ. ಬಿದ್ದ ಆನೆಯನ್ನು ಜಗತ್ತೇ ನಿಂತು ನೋಡುತ್ತದೆ. ಹಾಫ್‌ಮನ್ನರ ವಿಲಿಯಂತಹ ಗುಬ್ಬಿಯು ಬಿದ್ದರೆ ಮನೆಯವರಿಗಲ್ಲದೆ ಬೇರೆ ಯಾರಿಗೂ ತಿಳಿಯದು. ಅದರಿಂದಲೇ ಆತನ ಕೂಗಾಟವೂ ಬಡಾಯಿಯೂ ನಮಗೆ ಹೆಚ್ಚು ಸಂಕಟವನ್ನುಂಟುಮಾಡುತ್ತವೆ.

ಒಂದು ದೃಶ್ಯವನ್ನು ಹೇಳದೆ ಇರಲಾರೆನು. ತನಗೆ ಇನ್ನು ತಿರುಗಾಟವು ಸಾಧ್ಯವಿಲ್ಲ, ನ್ಯೂಯಾರ್ಕಿನಲ್ಲಿಯೇ ಒಂದು ಕೆಲಸವನ್ನು ಕೊಡಿಯೆಂದು ಕೇಳಲು ವಿಲಿಯು ಯಜಮಾನನ ಬಳಿಗೆ ಹೋಗುತ್ತಾನೆ. ಯಜಮಾನನು ಹುಡುಗ, ಆತನು ಹುಟ್ಟಿದಾಗ ಆತನ ತಂದೆಯು ಹೆಸರಿಡುವ ಮಾತನ್ನು ವಿಲಿಯೊಡನೆ ಆಡಿದ್ದನು. ಆ ಯುವಕನು ಹೊಸದಾಗಿ ಕೊಂಡ ಧ್ವನಿಗ್ರಾಹಕ ಯಂತ್ರದಲ್ಲಿ ತನ್ನ ಮಕ್ಕಳ ದನಿಯನ್ನು ಕೇಳಿಸುವ ಸಡಗರದಲ್ಲಿದ್ದಾನೆ. ವಿಲಿಯು ವಾರಕ್ಕೆ 65 ಡಾಲರು ಕೇಳುತ್ತಾನೆ. ಕೊಂಚ ಹೊತ್ತಿಗೆ 50 ಸಾಕೆನ್ನುತ್ತಾನೆ. ಆಮೇಲೆ 40ಕ್ಕೆ ಇಳಿಯುತ್ತಾನೆ. ಮನುಷ್ಯನೊಬ್ಬನು ತನ್ನ ಬೆಲೆಯನ್ನು ತಾನೇ ಹೀಗೆ ಕೂಗಿ ಇಳಿಸಿಕೊಳ್ಳುವುದನ್ನು ಕೇಳಲಾಗುವುದಿಲ್ಲ. ಕೊನೆಗೆ ದೊರೆತುದು ಕೆಲಸವಲ್ಲ, ಕೆಲಸದಿಂದ ಬಿಡುಗಡೆ. 1949ರಲ್ಲಿ ಇದನ್ನು ನೋಡಿದ ದೊಡ್ಡ ಅಂಗಡಿಗಳ ಒಡೆಯನೊಬ್ಬನು, ವಯಸ್ಸಾಯಿತೆಂಬ ಕಾರಣದಿಂದ ತನ್ನಲ್ಲಿ ಯಾರನ್ನೂ ಕೆಲಸದಿಂದ ತೆಗೆಯಕೂಡದೆಂದು ಅಪ್ಪಣೆಮಾಡಿದನಂತೆ. ಮಿಲ್ಲರರೇ ಇದನ್ನು ಬರೆದಿಟ್ಟಿದ್ದಾರೆ.

ಆದರೆ ವಿಲಿಯನ್ನು ಕೊಂದುದು ಆ ಯಜಮಾನನೊಬ್ಬನೇ ಅಲ್ಲ. ಬಡತನವೂ ಅಲ್ಲ. ಪಕ್ಕದ ಮನೆಯ ಚಾರ್ಲಿಯು ವಾರಕ್ಕೆ 50 ಡಾಲರಿನಂತೆ ಸಾಲವೆಂಬ ಹೆಸರಿನಲ್ಲಿ ಕೊಡುತ್ತಲೇ ಇರುತ್ತಾನೆ, ಕೆಲಸವನ್ನೂ ಕೊಡುವೆನೆನ್ನುತ್ತಾನೆ. ವಿಲಿಯು ಸಾಲವನ್ನು ತೆಗೆದುಕೊಂಡು, ಮನೆಗೆ ಬಂದು ಅದನ್ನೇ ಸಂಪಾದನೆಯೆಂದು ಹೆಂಡತಿಯ ಕೈಗಿಡುತ್ತಾನೆ. ಲಿಂಡಾಳಿಗೆ ಅದು ತಿಳಿದಿದೆ, ತಿಳಿಯದಂತೆ ಇರುತ್ತಾಳೆ. ಇಷ್ಟೇ ಅಲ್ಲ. ನೀರು ಕಾಯಿಸುವ ಯಂತ್ರದ ಬಳಿಯಲ್ಲಿ ಅವಳಿಗೆ ಒಂದು ಸಣ್ಣ ರಬ್ಬರು ಕೊಳವೆಯು ಸಿಕ್ಕಿದೆ. ಅನಿಲವನ್ನು ಸೇದಿ ಪ್ರಾಣವನ್ನು ಬಿಡುವುದಕ್ಕಾಗಿ ಗಂಡನು ಅದನ್ನು ಅಣಿಮಾಡಿಟ್ಟಿದ್ದಾನೆಂಬುದು ಅವಳಿಗೆ ಗೊತ್ತು. ಆತನು ಹೊರಗೆ ಹೋದಾಗ ಅದನ್ನು ತೆಗೆಯುವಳು. ಹಿಂದಿರುಗುವ ಹೊತ್ತಿಗೆ ಮತ್ತೆ ಅಲ್ಲಿಯೇ ಇಡುವಳು! ಇಂತಹ ಮಾತನ್ನು ಬಾಯಿಬಿಟ್ಟು ಆಡಿ ಗಂಡನಿಗೆ ಅವಮಾನಮಾಡುವುದು ಹೇಗೆಂಬುದು ಅವಳ ಸಂಕಟ.

ಮಗನಾದ ಬಿಫ್ ಒಮ್ಮೆ ನಿಜವನ್ನು ಹೇಳಲು ಹೊರಡುತ್ತಾನೆ. ತನ್ನನ್ನು ಒಂದು ಕಾಲಕ್ಕೆ ಕೆಲಸಕ್ಕಿಟ್ಟುಕೊಂಡಿದ್ದ ಸಾಹುಕಾರನನ್ನು ಕಾಣಲು ಆರು ಗಂಟೆಗಳ ಕಾಲ ಕಾದಿದ್ದನು. ಆತನಿಗೆ ಇವನ ಗುರುತೇ ಹತ್ತಲಿಲ್ಲ. ಅಲ್ಲಿ ತಾನು ಎಂದೂ ವ್ಯಾಪಾರ ಪ್ರತಿನಿಧಿಯಾಗಿರಲಿಲ್ಲ, ಸಾಮಾನು ಕಳುಹಿಸುವ ಗುಮಾಸ್ತನಾಗಿದ್ದೆನಷ್ಟೆ ಎಂಬುದು ಬಿಫನಿಗೆ ಆಗ ನೆನಪಾಗುವುದು. ಮನೆಯಲ್ಲಿ ವರ್ಷಗಟ್ಟಲೆ ಹೇಳಿಕೊಂಡ ಸುಳ್ಳು ಅವನಿಗೂ ನಿಜವಾಗಿಬಿಟ್ಟಿತ್ತು! ಅದನ್ನೆಲ್ಲ ತಂದೆಗೆ ತಿಳಿಸಬೇಕೆಂದು ಊಟದ ಮಂದಿರದಲ್ಲಿ ಬಾಯಿ ತೆರೆಯುವಷ್ಟರಲ್ಲಿ, ತಂದೆಯು ತನ್ನ ಕೆಲಸವು ಹೋಯಿತೆಂದು ಹೇಳಿ, ನಿನ್ನ ತಾಯಿಗೆ ಹೇಳಲು ಒಂದು ಶುಭವಾರ್ತೆಯನ್ನು ಕೊಡೆಂದು ಅಂಗಲಾಚುತ್ತಾನೆ. ಭಿಕ್ಷುಕನು ಅನ್ನವನ್ನು ಬೇಡುವಂತೆ ತಂದೆಯು ಸುಳ್ಳನ್ನು ಬೇಡುತ್ತಿದ್ದಾನೆ! ಕೊಟ್ಟರೆ ಪಾಪ, ಕೊಡದಿದ್ದರೆ ಕ್ರೌರ್ಯ. ಮಾಲ್ಕೊವಿಚ್ಚರ ಮುಖದಲ್ಲಿ ಆಗ ಹೊಯ್ದಾಡುವ ಮಮತೆಯನ್ನೂ ಜುಗುಪ್ಸೆಯನ್ನೂ ನೋಡಿಯೇ ತಿಳಿಯಬೇಕು.

ಅಂದು ರಾತ್ರಿ ವಿಲಿಯು ಕೈದೀಪವನ್ನು ಹಿಡಿದು, ಏನೂ ಬೆಳೆಯದ ಆ ಹಿತ್ತಲಿನಲ್ಲಿ ಬೀಜಗಳನ್ನು ಬಿತ್ತುತ್ತಾನೆ. ಬಿಫ್ ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟು ತಂದೆಯ ಎದೆಯ ಮೇಲೆ ಬಿದ್ದು ಅಳುತ್ತಾನೆ. ಮಗನಿಗೆ ತನ್ನಲ್ಲಿ ಪ್ರೀತಿಯಿದೆಯೆಂದು ತಂದೆಗೆ ಆಗ ತಿಳಿಯುವುದು. ಮಾತು ಮಾತ್ರ ಕಿವಿಗೆ ಬೀಳುವುದಿಲ್ಲ, ಕಾಲವು ಮೀರಿಹೋಗಿದೆ. ತನ್ನ ಜೀವವಿಮೆಯ ಇಪ್ಪತ್ತು ಸಾವಿರ ಡಾಲರು ಬಂದರೆ ಮಗನು ದೊಡ್ಡವನಾಗುವನೆಂಬ ಹಳೆಯ ಕನಸಿನಲ್ಲಿಯೇ ಕಾರನ್ನು ಹೊಡೆದುಕೊಂಡು ಹೋಗಿ ಪ್ರಾಣವನ್ನು ಬಿಡುತ್ತಾನೆ. ನೂರಾರು ಜನ ಬರುವರೆಂದು ಆತನು ಎಣಿಸಿದ್ದ ಶವಸಂಸ್ಕಾರಕ್ಕೆ ಮನೆಯವರೂ ಪಕ್ಕದ ಮನೆಯವರೂ ಮಾತ್ರ ಬಂದಿದ್ದಾರೆ. ಲಿಂಡಾಳಿಗೆ ಅಳುವೇ ಬಾರದು. ಇಪ್ಪತ್ತೈದು ವರ್ಷಗಳಿಂದ ಕಟ್ಟಿಕೊಂಡು ಬಂದ ಮನೆಯ ಅಡಮಾನದ ಕೊನೆಯ ಕಂತನ್ನು ಅವಳು ಅಂದೇ ತೀರಿಸಿದ್ದಾಳೆ. ಮನೆಯು ತಮ್ಮದಾಯಿತು, ಇರಲು ಯಜಮಾನನಿಲ್ಲ.

ಚಿತ್ರವು ಮುಗಿಯಿತು. ನಮ್ಮ ಮನೆಯಲ್ಲಿ ಯಾರೂ ಏಳಲಿಲ್ಲ. ಸೊಸೆಯು ಎದ್ದು ದೀಪವನ್ನು ಹಾಕಿ ನನ್ನ ಕಡೆಗೆ ತಿರುಗಿ, "ಅತ್ತೆ, ಆ ಕೊಳವೆಯನ್ನು ಆಕೆ ಮರಳಿ ಅಲ್ಲಿಯೇ ಇಟ್ಟುದೇಕೆ?" ಎಂದು ಕೇಳಿದಳು.

"ಗಂಡನ ಮಾನವನ್ನು ಕಾಯುವುದು ಬೇಡವೇನಮ್ಮ?" ಎಂದೆನು.

"ಮಾನವು ಉಳಿಯಿತು ಅತ್ತೆ, ಗಂಡನು ಉಳಿಯಲಿಲ್ಲವಲ್ಲ!" ಎಂದಳು.

ಅದಕ್ಕೆ ನಾನು ಉತ್ತರವನ್ನು ಹುಡುಕುತ್ತಿದ್ದೆನು. ಅಷ್ಟರಲ್ಲಿ, ಅದುವರೆಗೂ ಸುಮ್ಮನೆ ಕುಳಿತಿದ್ದ ನಮ್ಮ ಮನೆಯವರು, "ನಿನ್ನ ಬಳೆಗಳ ಸಂಗತಿಯು ನನಗೆ ಆಗಲೇ ತಿಳಿದಿತ್ತು" ಎಂದರು.

ಸೋದರಿಯರೇ, ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆನು. ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮ ಬಟ್ಟೆಯಂಗಡಿಯ ವ್ಯಾಪಾರವು ಕುಗ್ಗಿದ್ದಾಗ, ನಾನು ತೌರಿನವರು ಕೊಟ್ಟ ಎರಡು ಬಳೆಗಳನ್ನು ಗುಟ್ಟಾಗಿ ಒತ್ತೆಯಿಟ್ಟು ಸಂಸಾರವನ್ನು ತೂಗಿಸಿದ್ದೆನು. ತಿಂಗಳ ಖರ್ಚಿಗೆ ಹಣವು ಸಾಲುವುದೇ ಎಂದು ಇವರು ಕೇಳಿದರೆ, ಮಿಕ್ಕಿದೆಯೆಂದೇ ಹೇಳುತ್ತಿದ್ದೆನು. ಇವರು ನನ್ನ ಬರಿಗೈಯನ್ನು ಕಂಡಿದ್ದರಂತೆ. ಕೇಳಿದರೆ ತಮ್ಮ ಸೋಲನ್ನು ಒಪ್ಪಿಕೊಂಡಂತಾಗುವುದೆಂದು ಕೇಳಲಿಲ್ಲವಂತೆ. ನಾವಿಬ್ಬರೂ ಒಬ್ಬರ ಮಾನವನ್ನು ಒಬ್ಬರು ಹೀಗೆ ಕಾಯುತ್ತಿರುವಾಗಲೇ, ಮಗನು ದೂರದ ಊರಿನಲ್ಲಿ ಬಹಳ ವೆಚ್ಚದ ವ್ಯಾಸಂಗಕ್ಕೆ ಸೇರುವೆನೆಂದನು. ಹಣಕ್ಕೇನು ಕೊರತೆಯೆಂದು ಇಬ್ಬರೂ ಒಂದೇ ಬಾಯಿಂದ ಹೇಳಿದೆವು. ಎರಡನೆಯ ವರ್ಷದ ಶುಲ್ಕವನ್ನು ಕಟ್ಟಲಾಗಲಿಲ್ಲ. ಮನೆಯ ನಿಜಸ್ಥಿತಿಯು ಅವನಿಗೆ ತಿಳಿದುದು ನಮ್ಮಿಂದಲ್ಲ. ವಿದ್ಯಾಲಯದ ಗೋಡೆಯ ಮೇಲೆ ಅಂಟಿಸಿದ ಬಾಕಿದಾರರ ಪಟ್ಟಿಯಿಂದ. ಅವನು ವ್ಯಾಸಂಗವನ್ನು ಬಿಟ್ಟು ಬಂದನು. ಅಂದಿನಿಂದ ಇಂದಿನವರೆಗೆ ಆ ಮಾತನ್ನು ನಾವು ಮೂವರೂ ಎತ್ತಿರಲಿಲ್ಲ.

ಆ ಭಾನುವಾರ ಮಗನು ಬಹಳ ಹೊತ್ತು ನೆಲವನ್ನು ನೋಡುತ್ತಿದ್ದು, "ಅಮ್ಮ, ಮೊದಲೇ ಹೇಳಿದ್ದರೆ ನಾನೂ ಹೆಗಲು ಕೊಡುತ್ತಿದ್ದೆ. ನಾನೇನು ಪರಕೀಯನೆ?" ಎಂದನು. ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಲಿಂಡಾಳು ಕೆಟ್ಟವಳೆಂದು ನಾನು ಹೇಳಲಾರೆ. ಅವಳಂತಹ ಪ್ರೀತಿಯನ್ನು ಪಡೆದವರು ಭಾಗ್ಯವಂತರು. ಗಂಡನು ದೊಡ್ಡ ಮನುಷ್ಯನಲ್ಲದಿದ್ದರೂ ಆತನೂ ಮನುಷ್ಯನು, ಅಂತಹವನು ಬಳಲಿ ಬೀಳುವಾಗ ಯಾರಾದರೂ ಗಮನಿಸಲೇಬೇಕೆಂದು ಮಕ್ಕಳಿಗೆ ಅವಳು ಹೇಳುವ ಬುದ್ಧಿಯು ಈ ನಾಟಕದ ಹೃದಯ. ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ನಿಜವನ್ನು ಇಳಿಸಿಡಲು ಒಂದು ಮೂಲೆಯಿರಲಿಲ್ಲ. ಪ್ರತಿಯೊಬ್ಬರೂ ಮತ್ತೊಬ್ಬರನ್ನು ನೋಯಿಸಬಾರದೆಂದು ಬಚ್ಚಿಟ್ಟರು. ಬಚ್ಚಿಟ್ಟುದೇ ಕೊನೆಗೆ ಮನೆಯನ್ನು ನುಂಗಿತು. ಇದು ಅಮೆರಿಕಾ ಒಂದರ ರೋಗವೆಂದು ತಿಳಿಯಬೇಡಿರಿ. 1983ರಲ್ಲಿ ಮಿಲ್ಲರರು ಚೀನಾ ದೇಶದ ಬೀಜಿಂಗ್ ನಗರಕ್ಕೆ ಹೋಗಿ, ಅಲ್ಲಿನ ನಟರಿಂದ ಅವರದೇ ಭಾಷೆಯಲ್ಲಿ ಈ ನಾಟಕವನ್ನು ಆಡಿಸಿದರು. ಊರೂರು ತಿರುಗಿ ಮಾರುವ ಇಂತಹ ಪ್ರತಿನಿಧಿಗಳು ಆಗ ಅಲ್ಲಿ ಇರಲಿಲ್ಲ. ಆದರೂ ನಾಟಕವು ಜನರ ಮನಸ್ಸನ್ನು ಮುಟ್ಟಿತು. ಮಕ್ಕಳ ಮೇಲೆ ಆಸೆಯನ್ನು ಹೊರಿಸಿದ ತಂದೆಗಳು ಇಲ್ಲದ ದೇಶವೆಲ್ಲಿ?

ನಮ್ಮ ಮನೆಯಲ್ಲಿ ಈಗ ಒಂದು ಹೊಸ ಪದ್ಧತಿಯಾಗಿದೆ. ತಿಂಗಳ ಮೊದಲ ಭಾನುವಾರ ಊಟವಾದ ಮೇಲೆ ಲೆಕ್ಕದ ಪುಸ್ತಕವನ್ನು ನಡುಮನೆಯಲ್ಲಿ ಬಿಚ್ಚಿಡುತ್ತೇವೆ. ಬಂದುದೆಷ್ಟು, ಹೋದುದೆಷ್ಟು, ಸಾಲದುದೆಷ್ಟೆಂಬುದನ್ನು ಎಲ್ಲರೂ ನೋಡಬಹುದು. ಮೊನ್ನೆ ಮೊಮ್ಮಗನು ಅದರ ಪಕ್ಕದಲ್ಲಿ ತನ್ನ ಗಣಿತದ ಅಂಕಪಟ್ಟಿಯನ್ನೂ ತಾನಾಗಿಯೇ ತಂದಿಟ್ಟನು. ಅಂಕಗಳು ಕಡಿಮೆಯಾಗಿಯೇ ಇದ್ದುವು. ಯಾರೂ ಬೈಯಲಿಲ್ಲ. ಅಜ್ಜನು ಕನ್ನಡಕವನ್ನು ಹಾಕಿಕೊಂಡು, "ತಪ್ಪಿದುದು ಎಲ್ಲಿ, ತೋರಿಸು ಮಗು" ಎಂದು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

ಈ ಚಿತ್ರವು ನಿಮಗೆ ದೊರೆತರೆ ಮನೆಯವರೆಲ್ಲರೂ, ದೊಡ್ಡ ಮಕ್ಕಳೂ ಸೇರಿ ನೋಡಿರಿ. ಎರಡು ಗಂಟೆಗೆ ತುಸು ಮೇಲಾಗುವುದು. ಮುಗಿದ ಕೂಡಲೆ ಏಳಬೇಡಿರಿ. ದೀಪವನ್ನು ಹಾಕಿ, ಒಂದು ಗಳಿಗೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತಿರಿ. ಆಡದೆ ಉಳಿದ ಮಾತು ನಿಮ್ಮ ಮನೆಯಲ್ಲಿಯೂ ಒಂದಿದ್ದರೆ, ಅದು ತಾನಾಗಿಯೇ ಹೊರಕ್ಕೆ ಬಂದೀತು.